ತುಕ್ಕಿಗೆ ಹುಣಸೆಹಣ್ಣು, ಕಬ್ಬಿಣಕ್ಕೆ ಆಯುಧ ಪೂಜೆ

ತಾಮ್ರ, ಹಿತ್ತಾಳೆಗೆ ಹಿಡಿಯೋದು ಕಿಲುಬು, ಕಬ್ಬಿಣಕ್ಕೆ ಹಿಡಿಯೋದು ತುಕ್ಕು. ಎರಡಕ್ಕೂ ಮದ್ದು ಅಡುಗೆಮನೆ ಹುಣಸೆಹಣ್ಣೇ. ಆದ್ರೆ ತುಕ್ಕು ಹೆಚ್ಚು ಕೆಟ್ಟದ್ದು ಕಣ್ರೀ. ಕಿಲುಬು ಮೇಲ್ಮೇಲೇ ನಿಲ್ಲುತ್ತೆ, ತುಕ್ಕು ಪದರ ಪದರವಾಗಿ ಉದುರ್ತಾ ಒಳಗೊಳಗೇ ತಿಂದುಬಿಡುತ್ತೆ.

ಹಿಂದಿನವರು ಒಂದು ಕುಡುಗೋಲನ್ನೂ ಜೋಪಾನ ಮಾಡ್ತಿದ್ದದ್ದು ಸುಮ್ನೆ ಅಲ್ಲ. ಟಿಪ್ಪು ತೀರಿಕೊಂಡ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನೋ ವೈದ್ಯ ಮೈಸೂರು ಸೀಮೆ ಸುತ್ತಿ ಕಂಡದ್ದನ್ನೆಲ್ಲಾ ಬರೆದಿಟ್ಟ. ಮಧುಗಿರಿ ಕಡೆ ಮಳೆಗಾಲದಲ್ಲಿ ಹಳ್ಳದಲ್ಲಿ ಬರೋ ಕಪ್ಪು ಮರಳನ್ನ ತೊಳೆದು, ಇದ್ದಿಲಿನ ಕುಲುಮೆಗೆ ಹಾಕಿ, ತಿದಿ ಊದಿ ಕಬ್ಬಿಣ ತೆಗೀತಿದ್ರು. ವಿಶ್ವೇಶ್ವರಯ್ಯನವರ ಮುಂದಾಳತ್ವದ ಭದ್ರಾವತಿ ಕಾರ್ಖಾನೆ 1923ರಲ್ಲಿ ಶುರುವಾದಾಗಲೂ ಉರಿಸಿದ್ದು ಕಾಡಿನ ಸೌದೆಯ ಇದ್ದಿಲನ್ನೇ. ಅಷ್ಟು ಮರ, ಅಷ್ಟು ಬೆವರು ಸುರಿಸಿ ಬಂದ ಕಬ್ಬಿಣಾನ ಮಳೆಗೆ ಬಿಟ್ಟು ಹಾಳು ಮಾಡೋಕೆ ಯಾರಿಗೆ ಮನಸ್ಸು ಬರುತ್ತೆ?

ಈಗ ಆಯುಧ ಪೂಜೆ ಯಾವಾಗ ಬರುತ್ತೆ ನೋಡಿ. ಮಳೆಗಾಲ ಮುಗಿಯೋ ಹೊತ್ತಿಗೆ, ಕಬ್ಬಿಣಕ್ಕೆಲ್ಲಾ ತುಕ್ಕು ಹಿಡಿದಿರೋವಾಗ! ವಿಜಯನಗರದ ನವರಾತ್ರಿಯನ್ನ ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದ್ರು. ಅಲ್ಲಿ ಕತ್ತಿ, ಈಟಿಗೆ ಪೂಜೆ. ನಮ್ಮ ಮನೆಗಳಲ್ಲಿ ಈಳಿಗೆಮಣೆ, ಮಚ್ಚು, ಗುದ್ದಲಿ, ಬಾವಿ ರಾಟೆಗೆ. ಕುಂಕುಮ ಇಡಬೇಕಾದ್ರೆ ಮೊದಲು ಉಜ್ಜಲೇಬೇಕಲ್ಲ? ಹೀಗೆ ವರ್ಷಕ್ಕೊಂದು ಸಲ ತುಕ್ಕು ತಾನಾಗೇ ಹೋಗ್ತಿತ್ತು. 1953ರಲ್ಲಿ ಜಾಲಹಳ್ಳೀಲಿ ಎಚ್‌ಎಂಟಿ, ಮರುವರ್ಷ ಬಿಇಎಲ್ ಬಂದ ಮೇಲೆ ನಮ್ಮ ಕಡೆ ಗಂಡಸರು ಮೆಷಿನ್ನುಗಳಿಗೂ ಹೀಗೇ ಒರೆಸಿ, ಎಣ್ಣೆ ಹಾಕಿ, ಕುಂಬಳಕಾಯಿ ಒಡೀತಿದ್ರು.

ಉಜ್ಜೋ ಕ್ರಮ ಇದು. ಉದುರೋ ತುಕ್ಕನ್ನ ಮೊದಲು ಇಟ್ಟಿಗೆ ಪುಡಿ, ತೆಂಗಿನ ನಾರಲ್ಲಿ ತಿಕ್ಕಿ. ನೆನೆಸಿದ ಹುಣಸೆಹಣ್ಣನ್ನ ಗಟ್ಟಿಯಾಗಿ ಬಳಿದು ಒಂದೆರಡು ಗಂಟೆ ಬಿಡಿ. ಅದರ ಹುಳಿ ತುಕ್ಕನ್ನ ಕರಗಿಸುತ್ತೆ. ರಾತ್ರಿಯೆಲ್ಲಾ ಬಿಡಬೇಡಿ, ತುಕ್ಕು ಮುಗಿದ ಮೇಲೆ ಹುಳಿ ಒಳ್ಳೆ ಕಬ್ಬಿಣಾನೂ ತಿನ್ನುತ್ತೆ. ಈಳಿಗೆಯ ಮರದ ಮಣೆ ನೀರಲ್ಲಿ ನೆನೆಯಬಾರದು. ತೊಳೆದ ತಕ್ಷಣ ಒರೆಸಿ, ಬಿಸಿಲಲ್ಲೋ ಒಲೆ ಪಕ್ಕದಲ್ಲೋ ಪೂರ್ತಿ ಒಣಗಿಸಿ, ಎಣ್ಣೆ ಸವರಿ. ಗುದ್ದಲಿಗೆ ಹರಳೆಣ್ಣೆ, ಈಳಿಗೆಗೂ ದೋಸೆ ಹೆಂಚಿಗೂ ಅಡುಗೆ ಎಣ್ಣೆ. ಎಣ್ಣೆ ಇಲ್ಲದೆ ಇಟ್ರೆ ನಾಲ್ಕು ದಿನಕ್ಕೇ ಮತ್ತೆ ಕೆಂಪಾಗುತ್ತೆ.

1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಲ್ಲಿ ಹ್ಯಾರಿ ಬ್ರಿಯರ್ಲಿ ಅನ್ನೋರು ಕ್ರೋಮಿಯಂ ಬೆರೆಸಿ ತುಕ್ಕು ಹಿಡಿಯದ ಉಕ್ಕು ಮಾಡಿದ್ರು. ಆ ಸ್ಟೀಲು ನಮ್ಮ ಅಡುಗೆಮನೆ ತುಂಬಿದ ಮೇಲೆ ಕೈಗೆ ಕೆಲಸ ಕಮ್ಮಿಯಾಯ್ತು, ಸಂತೋಷವೇ. ಆದ್ರೆ ತುಕ್ಕು ಬಿಡಿಸೋ ಬುದ್ಧಿಯೂ ಅದರ ಜೊತೆಗೇ ಹೋಗ್ತಿದೆ. ಈಗ ಆಯುಧ ಪೂಜೆ ಅಂದ್ರೆ ಕಾರಿನ ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು. ಯಲಹಂಕದ ಹಳೇ ಮನೆಗಳನ್ನ ಕೆಡವುವಾಗ ಅಜ್ಜಿಯರ ಈಳಿಗೆಮಣೆ, ಬಾವಿ ರಾಟೆ ಎಲ್ಲಾ ಕೆಜಿ ಲೆಕ್ಕದಲ್ಲಿ ಗುಜರಿಗೆ ಹೋಗುತ್ತೆ, ತುಕ್ಕು ಹಿಡಿದಿದೆ ಅನ್ನೋ ಒಂದೇ ಕಾರಣಕ್ಕೆ.

ತುಕ್ಕು ಹಿಡಿದದ್ದೆಲ್ಲಾ ಸತ್ತ ಕಬ್ಬಿಣ ಅಲ್ಲ. ಉಜ್ಜಿ ನೋಡಿ, ತಟ್ಟಿ ನೋಡಿ. ತೂತು ಬೀಳದೆ ಗಟ್ಟಿಯಾಗಿದ್ರೆ ಅದಕ್ಕಿನ್ನೂ ಆಯಸ್ಸಿದೆ. ಈ ನವರಾತ್ರಿಗೆ ಮುಂಚೆ ಅಟ್ಟದ ಮೇಲೆ ಏನಿದೆ ಅಂತ ಒಂದ್ಸಲ ಇಳಿಸಿ ನೋಡಿ. ಮನೇಲಿ ವಯಸ್ಸಾದ ಅತ್ತೆ ಇದ್ರೆ ಪಕ್ಕದಲ್ಲಿ ಕೂರಿಸ್ಕೊಳ್ಳಿ, ಅವರಿಗೆ ಇದಕ್ಕಿಂತ ಚೆನ್ನಾಗಿ ಗೊತ್ತಿರುತ್ತೆ.