ಎಚ್ಚರವಿದ್ದೇ ಪೊರೆ ತೆಗೆಸಿಕೊಂಡವರು

ಹಿಡಕಲ್ ಜಲಾಶಯದಿಂದ ಹೊರಟ ಘಟಪ್ರಭೆ ಹುಕ್ಕೇರಿ ಸೀಮೆಯನ್ನು ದಾಟಿ, ಗೋಕಾಕದ ಬಳಿ 52 ಮೀಟರ್ ಕೆಳಗೆ ಧುಮುಕಿ, ಮೂಡಲಗಿಯ ಕಬ್ಬಿನ ಹೊಲಗಳ ಕಡೆಯಿಂದ ಪೂರ್ವಕ್ಕೆ ಸಾಗುತ್ತದೆ. ಬೀಳಗಿ ತಾಲ್ಲೂಕಿನ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಊರೂರು ತಿರುಗಿ ಕಣ್ಣಿನ ಪೊರೆ ತೆಗೆದ ಡಾ. ಎಂ.ಸಿ. ಮೋದಿ ಇದೇ ಬೀಳಗಿಯವರು. ಅವರ ಶಿಬಿರಗಳ ಚರಿತ್ರೆಯಲ್ಲಿ ಕತ್ತರಿ, ಸೂಜಿಗಳ ಜೊತೆಗೆ ಹೇಳಲೇಬೇಕಾದ ಇನ್ನೊಂದು ಸಂಗತಿ ಇದೆ. ಅದು ಮೇಜಿನ ಮೇಲೆ ಎಚ್ಚರವಾಗಿಯೇ ಮಲಗಿದ ರೋಗಿಯ ಭಯ.

ಪೊರೆಯ ಚಿಕಿತ್ಸೆ ಬಹಳ ಹಳೆಯದು. ಸುಶ್ರುತ ಸಂಹಿತೆಯ ಉತ್ತರತಂತ್ರ ಅದರ ವಿಧಾನವನ್ನು ವಿವರಿಸುತ್ತದೆ. ರೋಗಿಯನ್ನು ಅಲುಗದಂತೆ ಕೂರಿಸಿ, ತನ್ನ ಮೂಗನ್ನೇ ನೋಡುತ್ತಿರಲು ಹೇಳಿ, ಸಲಾಕೆಯಿಂದ ಕಣ್ಣನ್ನು ಚುಚ್ಚಬೇಕು. ಆಮೇಲೆ ಹೊಗೆ, ಧೂಳಿಲ್ಲದ ಮನೆಯಲ್ಲಿ ಅಂಗಾತ ಮಲಗಿಸಬೇಕು. ಕೆಮ್ಮು, ಸೀನು, ತೇಗು, ಉಗುಳುವುದು ಎಲ್ಲವೂ ವರ್ಜ್ಯ. ಕಣ್ಣನ್ನು ಮರಗಟ್ಟಿಸುವ ಮದ್ದು ಆಗ ಇರಲಿಲ್ಲ. ನೋಟವನ್ನು ಒಂದು ಕಡೆ ನೆಡುವುದೇ ರೋಗಿಗೆ ಸಿಕ್ಕ ಆಸರೆ. ಈ ಬಗೆಯಲ್ಲಿ ಪೊರೆಯನ್ನು ಕಣ್ಣಿನೊಳಗೇ ಕೆಳಕ್ಕೆ ಒತ್ತುತ್ತಿದ್ದ ಅಲೆಮಾರಿ ವೈದ್ಯರು ಇಪ್ಪತ್ತನೇ ಶತಮಾನದಲ್ಲೂ ಭಾರತದ ಹಳ್ಳಿಗಳಲ್ಲಿ ತಿರುಗುತ್ತಿದ್ದರು.

1884ರಲ್ಲಿ ವಿಯೆನ್ನಾದ ಯುವ ವೈದ್ಯ ಕಾರ್ಲ್ ಕೊಲ್ಲರ್ ಕೊಕೇನ್ ದ್ರಾವಣದ ಕೆಲವು ಹನಿ ಕಣ್ಣಿನ ಮೇಲ್ಮೈಯನ್ನು ಮರಗಟ್ಟಿಸುತ್ತದೆ ಎಂದು ತೋರಿಸಿಕೊಟ್ಟ. ಮುಂದೆ ಕಣ್ಣಿನ ಹಿಂದಕ್ಕೆ ಕೊಡುವ ಚುಚ್ಚುಮದ್ದು ಬಂತು; ಕಣ್ಣು ಗುಡ್ಡೆಯ ಚಲನೆಯೂ ನಿಂತಿತು.

ನೋವು ಹೋಯಿತು, ಅಂಜಿಕೆ ಉಳಿಯಿತು. ಪ್ರಜ್ಞೆ ತಪ್ಪಿಸದೆ ಮಾಡುವ ಆಪರೇಶನ್‌ನಲ್ಲಿ ರೋಗಿಗೆ ಎಲ್ಲವೂ ಕೇಳಿಸುತ್ತದೆ: ತಟ್ಟೆಯಲ್ಲಿ ಇಕ್ಕಳ ಇಟ್ಟ ಸದ್ದು, ವೈದ್ಯರ ಮಾತು, ಪಕ್ಕದವರ ನರಳಾಟ. ಮುಖದ ಮೇಲೆ ಬಟ್ಟೆ ಹೊದಿಸಿದಾಗ ಉಸಿರು ಕಟ್ಟಿದಂತೆನಿಸುತ್ತದೆ. ಇದರ ಮೇಲೆ ಊರ ಕಟ್ಟೆಯಲ್ಲಿ ಹಬ್ಬುವ ಸುದ್ದಿ ಬೇರೆ. 'ಕಣ್ಣ ಹೊರಗ ತಗದ, ತೊಳದ, ಮತ್ತ ಇಡತಾರಂತಲ್ರಿ?' ಎಂದು ಕೇಳಿದ ಹಿರಿಯರು ಎಷ್ಟೋ ಮಂದಿ. ಗುಡ್ಡೆಯನ್ನು ಯಾರೂ ಹೊರಗೆ ತೆಗೆಯುವುದಿಲ್ಲ. ಮಬ್ಬಾದ ಮಸೂರವನ್ನು ಮಾತ್ರ ತೆಗೆಯುತ್ತಾರೆ. ಈ ಒಂದು ಮಾತನ್ನು ಸಮಾಧಾನದಿಂದ ಹೇಳುವವರಿಲ್ಲದೆ ಕುರುಡರಾಗಿಯೇ ಉಳಿದವರಿದ್ದಾರೆ ಎಂಬುದು ಸಂಕಟದ ವಿಷಯ.

ಭಯದ ಜೊತೆಗೆ ದೂರವೂ ತೊಡಕಾಗಿತ್ತು. ಗೋಕಾಕ ಸೀಮೆಗೆ ಆಸ್ಪತ್ರೆ ಹೊಸದೇನಲ್ಲ. ಘಟಪ್ರಭಾದ ಕರ್ನಾಟಕ ಆರೋಗ್ಯ ಧಾಮ ಹಳೆಯ ಸಂಸ್ಥೆ. ಹಿಂದೂಸ್ತಾನಿ ಸೇವಾದಳ ಕಟ್ಟಿದ ಡಾ. ನಾ.ಸು. ಹರ್ಡೀಕರ್ ತಮ್ಮ ಕೊನೆಗಾಲವನ್ನು ಅಲ್ಲೇ ಸೇವೆಯಲ್ಲಿ ಕಳೆದರು. ಆದರೆ ಕಣ್ಣು ಕಾಣದ ಮುದುಕಿ ಅಷ್ಟು ದೂರ ಹೋಗಬೇಕಾದರೆ ಒಬ್ಬರು ಕೈಹಿಡಿದು ಕರೆದೊಯ್ಯಬೇಕು, ಅವರ ಕೂಲಿ ತಪ್ಪಬೇಕು. ಹಾಗಾಗಿ ಶಿಬಿರವೇ ಹಳ್ಳಿಗೆ ಬಂದದ್ದು ದೊಡ್ಡ ತಿರುವು.

ಗಿನ್ನೆಸ್ ದಾಖಲೆ ಪುಸ್ತಕದ ಪ್ರಕಾರ ಮೋದಿಯವರು 1943ರಿಂದ 1993ರ ಫೆಬ್ರವರಿವರೆಗೆ 46,120 ಹಳ್ಳಿಗಳಿಗೆ ಹೋಗಿ, 1,21,18,630 ಜನರ ಕಣ್ಣು ಪರೀಕ್ಷಿಸಿ, 6,10,564 ಶಸ್ತ್ರಚಿಕಿತ್ಸೆ ಮಾಡಿದ್ದರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಪೊರೆ ತೆಗೆದರೆಂಬುದು ಹೆಸರಾದ ದಾಖಲೆ.

ಇಂಥ ವೇಗದಲ್ಲಿ ಒಬ್ಬೊಬ್ಬರ ಭಯಕ್ಕೂ ವೈದ್ಯರೇ ಕಿವಿಗೊಡುವುದು ಕಷ್ಟ. ಆ ಕೆಲಸವನ್ನು ಮಂದಿಯೇ ಹೊತ್ತರು. ಶಾಲೆಯಲ್ಲೋ ಧರ್ಮಶಾಲೆಯಲ್ಲೋ ನಡೆಯುತ್ತಿದ್ದ ಕಣ್ಣಿನ ಶಿಬಿರಗಳಲ್ಲಿ ಒಂದೇ ಊರಿನವರು ಒಟ್ಟಿಗೆ ಸಾಲಿನಲ್ಲಿ ಕೂರುತ್ತಿದ್ದರು. ಮೊದಲು ಹೋದವರು ಪಟ್ಟಿ ಕಟ್ಟಿಸಿಕೊಂಡು ಮಾತಾಡುತ್ತ ಹೊರಬಂದದ್ದೇ ಮುಂದಿನವರಿಗೆ ಧೈರ್ಯ. ಆಗಿನ ಪದ್ಧತಿಯಲ್ಲಿ ದಿನಗಟ್ಟಲೆ ಅಲುಗದೆ ಮಲಗಬೇಕಿತ್ತು. ಗುಣವಾದ ಮೇಲೂ ದಪ್ಪ ಗಾಜಿನ ಕನ್ನಡಕ ತಪ್ಪುತ್ತಿರಲಿಲ್ಲ. ಬಂಧುಗಳು, ಸ್ವಯಂಸೇವಕರು ಊಟ ಉಣಿಸಿ, ಕೈಹಿಡಿದು ನಡೆಸಿ ಆ ದಿನಗಳನ್ನು ದಾಟಿಸುತ್ತಿದ್ದರು.

ಈ ಜನರ ತಿಳಿವಳಿಕೆಯನ್ನು ಸಂಶೋಧನೆ ತಡವಾಗಿ ಎತ್ತಿಹಿಡಿಯಿತು. 2001ರಲ್ಲಿ ಪ್ರಕಟವಾದ ಕೊರಿಯದ ಅಧ್ಯಯನವೊಂದು ಪೊರೆ ಶಸ್ತ್ರಚಿಕಿತ್ಸೆಯ ಹೊತ್ತಿಗೆ ಯಾರಾದರೂ ಕೈ ಹಿಡಿದುಕೊಂಡಿದ್ದರೆ ರೋಗಿಯ ಆತಂಕ ಕಡಿಮೆಯಾಗುತ್ತದೆ ಎಂದು ಕಂಡುಕೊಂಡಿತು. ಮರಗಟ್ಟಿಸಿದ ಕಣ್ಣಿಗೂ ಬೆಳಕು, ಬಣ್ಣ, ನೆರಳು ಕಾಣಿಸಬಹುದು. ಕೆಲವರು ಅದರಿಂದಲೇ ಬೆಚ್ಚುತ್ತಾರೆ. ಅದನ್ನು ಮೊದಲೇ ತಿಳಿಸಿ ಹೇಳುವುದು ಒಳ್ಳೆಯದೆಂದು ಕಣ್ಣಿನ ವೈದ್ಯರು ಈಗ ಒಪ್ಪುತ್ತಾರೆ.

1976ರಲ್ಲಿ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಈಗ ಎಷ್ಟೋ ಕಡೆ ಬರೀ ಹನಿ ಮದ್ದಿನಲ್ಲೇ ಪೊರೆ ತೆಗೆದು, ಕೃತಕ ಮಸೂರ ಕೂರಿಸಿ, ಅದೇ ದಿನ ಮನೆಗೆ ಕಳಿಸುತ್ತಾರೆ. ಚಿಕಿತ್ಸೆಯ ಹೊತ್ತು ತಗ್ಗಿದೆ, ಜೊತೆಗೆ ಮಾತಿಗೆ ಸಿಗುವ ಹೊತ್ತೂ ತಗ್ಗಿದೆ. ಹಿರಿಯರನ್ನು ಆಸ್ಪತ್ರೆಗೆ ಕರೆತರುವ ಆಶಾ ಕಾರ್ಯಕರ್ತೆಯರ, ಮನೆಯ ಮಕ್ಕಳ ಹೊಣೆ ಅಷ್ಟರಮಟ್ಟಿಗೆ ಹೆಚ್ಚಿದೆ: ಕೆಮ್ಮಿದ್ದರೆ, ಅಂಗಾತ ಮಲಗಲು ಆಗದಿದ್ದರೆ, ಬಟ್ಟೆ ಹೊದಿಸಿದರೆ ಗಾಬರಿಯಾಗುವುದಿದ್ದರೆ ಅದನ್ನು ಮೇಜಿಗೆ ಹೋಗುವ ಮುನ್ನವೇ ವೈದ್ಯರಿಗೆ ಹೇಳಿಸಬೇಕು. ಮೇಜಿನ ಮೇಲೆ ಕೆಮ್ಮು ಬರುವಂತಾದರೆ ಬಾಯಿಬಿಟ್ಟು ಹೇಳಿದರೆ ಸಾಕು, ವೈದ್ಯರು ಕೈ ತಡೆಯುತ್ತಾರೆ ಎಂಬುದನ್ನೂ ಮನೆಯಲ್ಲೇ ತಿಳಿಸಿ ಕಳಿಸಬೇಕು.