ಒಕ್ಕ, ಒಕ್ಕಲು, ಒಕ್ಕಲಿಗ: ಎಂ.ಎನ್. ಶ್ರೀನಿವಾಸರ ಬರೆಹದಲ್ಲಿ ಪದಾನುವಾದದ ಚರಿತ್ರೆ

ಮೈಸೂರಿನಲ್ಲಿ 1916ರಲ್ಲಿ ಜನಿಸಿದ ಎಂ.ಎನ್. ಶ್ರೀನಿವಾಸರು ಕನ್ನಡನಾಡಿನ ಬದುಕನ್ನು ಇಂಗ್ಲಿಷಿನಲ್ಲಿ ಬರೆದ ಮಾನವಶಾಸ್ತ್ರಜ್ಞರು. ಇಲ್ಲಿಯ ಪದಗಳನ್ನು ಅವರು ಆ ಭಾಷೆಗೆ ಒಯ್ದ ಬಗೆಯನ್ನಷ್ಟೇ ನಾವಿಲ್ಲಿ ಪರಿಶೀಲಿಸುತ್ತೇವೆ.

ಕೊಡವರನ್ನು ಕುರಿತ 1952ರ ಗ್ರಂಥದಲ್ಲಿ ಅವರು ‘ಒಕ್ಕ’ ಎಂಬುದನ್ನು ಅನುವಾದಿಸದೆ ಉಳಿಸಿಕೊಂಡರು. ಪಿತೃವಂಶದ ಕೂಡುಮನೆ, ಅದರ ಆಸ್ತಿ, ಹಿರಿಯರ ಆರಾಧನೆ ಇವನ್ನೆಲ್ಲ ಒಂದೇ ಇಂಗ್ಲಿಷ್ ಪದ ಹಿಡಿಯಲಾರದು. ಆದರೆ 1948ರಲ್ಲಿ ಕ್ಷೇತ್ರಕಾರ್ಯ ನಡೆಸಿದ ಕೊಡಗಹಳ್ಳಿಯನ್ನು ‘ರಾಂಪುರ’ವೆಂದು ಕರೆದು ಬರೆದಾಗ ಕ್ರಮ ಬೇರೆಯಾಯಿತು. ಒಕ್ಕಲಿಗರು ‘ಪೆಸೆಂಟ್’ ಆದರು, ಕುರುಬರು ‘ಷೆಪರ್ಡ್’ ಆದರು. ಪರದೇಶದ ಓದುಗರಿಗೆ ಇದರಿಂದ ಅನುಕೂಲವಾಗಿರಬೇಕು. ಇದು ಕಸುಬಲ್ಲ, ಜಾತಿಯ ಹೆಸರು ಎಂಬುದನ್ನು ಇಂಗ್ಲಿಷಿನಲ್ಲಿ ಪದದ ಮೊದಲ ದೊಡ್ಡಕ್ಷರವೊಂದೇ ಸೂಚಿಸುತ್ತದೆ. ಕನ್ನಡ ಲಿಪಿಯಲ್ಲಿ ಆ ಸೌಲಭ್ಯವಿಲ್ಲ. ಮರಳಿ ‘ರೈತ’ ಎಂದು ಅನುವಾದಿಸಿದರೆ ಜಾತಿಯೇ ಮರೆಯಾಗುತ್ತದೆ.

ಕೊಡವರ ‘ಒಕ್ಕ’ವೂ ಕನ್ನಡದ ‘ಒಕ್ಕಲು’ ಸಹ ಒಂದೇ ದ್ರಾವಿಡ ಮೂಲದವು. ಮನೆ, ವಾಸ, ಗೇಣಿಯ ಸಂಬಂಧ, ದೇವಸ್ಥಾನಕ್ಕೋ ಮಠಕ್ಕೋ ನಡೆದುಕೊಳ್ಳುವ ಕುಟುಂಬ: ಎಲ್ಲವೂ ‘ಒಕ್ಕಲು’. ‘ಒಕ್ಕಲೆಬ್ಬಿಸು’ ಎಂಬ ಕ್ರಿಯಾಪದದಲ್ಲಿ ನೆಲ, ನೆಲೆ ಎರಡನ್ನೂ ಕಳೆದುಕೊಳ್ಳುವ ಭಯವಿದೆ. ಅಂದರೆ ಪದ ಸೂಚಿಸುವುದು ಬೇಸಾಯವನ್ನಷ್ಟೇ ಅಲ್ಲ, ನೆಲದೊಡನೆಯೂ ಒಡೆಯನೊಡನೆಯೂ ಇರುವ ಸಂಬಂಧವನ್ನು.

ಗಾಜನೂರಿನಿಂದ ಸಾಗರದವರೆಗಿನ ಶಿವಮೊಗ್ಗ ಸೀಮೆಯಿಂದ ನೋಡಿದರೆ ಈ ವ್ಯತ್ಯಾಸ ಇನ್ನಷ್ಟು ಸ್ಪಷ್ಟವಾಗುತ್ತದೆ. ಮಲೆನಾಡಿನ ಮಾತಿನಲ್ಲಿ ‘ಒಡೆಯರು’ ಎಂಬುದರ ಎದುರುಪದ ‘ಒಕ್ಕಲು’. ಆ ಒಕ್ಕಲು ಒಕ್ಕಲಿಗ ಜಾತಿಯವರೇ ಆಗಿರಬೇಕಿಲ್ಲ. 1951ರ ಕಾಗೋಡು ಸತ್ಯಾಗ್ರಹದಲ್ಲಿ ಎದ್ದುನಿಂತ ಗೇಣಿದಾರರಲ್ಲಿ ಬಹುಪಾಲು ದೀವರು. ರಾಂಪುರದಲ್ಲಾದರೋ ಒಕ್ಕಲಿಗರೇ ಭೂಬಲವುಳ್ಳವರು. ಎರಡಕ್ಕೂ ‘ಪೆಸೆಂಟ್’ ಎಂದರೆ ಉಳುವವನಾರು, ಒಡೆಯನಾರು ಎಂಬ ಪ್ರಶ್ನೆ ಮಸುಕಾಗುತ್ತದೆ.

ಈ ಮಸುಕನ್ನು ತುಂಬಲೋ ಎಂಬಂತೆ ಬಂದುದು ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆ. ಅದರ ಬೇರು ಆಫ್ರಿಕದಲ್ಲಿದೆ. ಆಕ್ಸ್‌ಫರ್ಡಿನಲ್ಲಿ ಅವರ ಗುರುಗಳಾಗಿದ್ದ ಇವಾನ್ಸ್-ಪ್ರಿಚರ್ಡ್ ಸುಡಾನಿನ ನುಎರ್ ಜನರಲ್ಲಿ ‘ಪ್ರಬಲ ಕುಲ’ವನ್ನು ಗುರುತಿಸಿದ್ದರು, ಆಫ್ರಿಕದ ಅಧ್ಯಯನಗಳ ಪ್ರಭಾವವನ್ನು ಶ್ರೀನಿವಾಸರೇ ಒಪ್ಪಿದ್ದಾರೆ. ಸಂಖ್ಯೆ, ಭೂಮಿ, ರಾಜಕೀಯ ಬಲ, ತೀರಾ ಕೆಳಗಲ್ಲದ ಆಚಾರಸ್ಥಾನ ಇವೆಲ್ಲ ಕೂಡಿದರೇ ಪ್ರಾಬಲ್ಯ. ಇಂದಿನ ಪತ್ರಿಕೆಗಳ ಕನ್ನಡದಲ್ಲಿ ಉಳಿದಿರುವುದು ಬಹುಮಟ್ಟಿಗೆ ಚುನಾವಣೆಯ ಲೆಕ್ಕ. ಶ್ರೀನಿವಾಸರ 1955ರ ಲೇಖನದ ‘ವೋಟ್ ಬ್ಯಾಂಕ್’ ಮಾತ್ರ ಅನುವಾದದ ಗೋಜಿಲ್ಲದೆ ಹಾಗೆಯೇ ನಮ್ಮ ಮಾತಿಗೆ ಸೇರಿಹೋಯಿತು.