ಮುಚ್ಚಿದ ಬಾಗಿಲಿನ ಲೆಕ್ಕ

ಕೆರೆ ಎಲ್ಲರದೂ ಅಂತಾರೆ. ಇಳಿಯೋ ಮೆಟ್ಟಿಲು ಮಾತ್ರ ಕೆಲವರದು. ಇದು ನಮಗೆ ಹೊಸ ಮಾತಲ್ಲ. ನಮ್ಮ ಅವ್ವಂದಿರು ಖಾಲಿ ಕೊಡ ಹಿಡಿದು, ಯಾರಾದರೂ ಎತ್ತಿ ಹುಯ್ಯಲಿ ಎಂದು ದಡದಲ್ಲಿ ಕಾದವರು. ಈಗ ಲೋಕ ಇನ್ನೊಂದು ಕೆರೆ ತೋಡಿಕೊಂಡಿದೆ. ಅದು ಅಂತರ್ಜಾಲ. ಪಿಂಚಣಿ, ಪರೀಕ್ಷೆಯ ಫಲಿತಾಂಶ, ಬ್ಯಾಂಕಿನ ಖಾತೆ ಎಲ್ಲವೂ ಅದರೊಳಗಿವೆ. ಅದರ ದಡದಲ್ಲೂ ಜನ ಕಾದು ನಿಂತಿದ್ದಾರೆ. ಕಣ್ಣು ಕಾಣದವರು, ಕಿವಿ ಕೇಳದವರು, ಕೈ ಆಡದವರು. ಅವರ ಹೋರಾಟದ ಒಂದು ಪುಟವನ್ನು ನಾವಿಲ್ಲಿ ತೆರೆಯುತ್ತಿದ್ದೇವೆ.

ಕಣ್ಣಿಲ್ಲದವನು ಕಂಪ್ಯೂಟರ್ ಹೇಗೆ ಓದ್ತಾನೆ ಅಂತ ಕೇಳುವವರಿದ್ದಾರೆ. ಓದ್ತಾನೆ. ಪರದೆಯ ಮೇಲಿನ ಅಕ್ಷರವನ್ನು ದನಿಯಾಗಿಸುವ, ಬೆರಳಿಗೆ ತಾಗುವ ಬ್ರೈಲ್ ಚುಕ್ಕಿಯಾಗಿಸುವ ಸಾಧನಗಳಿವೆ. ಚಿತ್ರ ಎದುರಾದರೆ ಮಾತ್ರ ಅವು ತಡವರಿಸುತ್ತವೆ. ಚಿತ್ರದ ಹಿಂದೆ ಅದೇನೆಂದು ನಾಲ್ಕು ಮಾತು ಬರೆದಿಟ್ಟರೆ ಬಾಯಿ ಬಿಡುತ್ತವೆ. ಹಾಗೆ ಬರೆಯಬೇಕೆಂಬ ಸೂತ್ರವನ್ನು ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ ಎಂಬ ಸಂಸ್ಥೆ 1999ರ ಮೇ ತಿಂಗಳಲ್ಲೇ ಪ್ರಕಟಿಸಿತ್ತು.

ಮುಂದಿನ ವರ್ಷ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಒಲಿಂಪಿಕ್ಸ್ ನಡೆಯುವುದಿತ್ತು. ಅದರ ಜಾಲತಾಣದಲ್ಲಿ ಎಷ್ಟೋ ಚಿತ್ರಗಳ ಹಿಂದೆ ಈ ಮಾತುಗಳೇ ಇರಲಿಲ್ಲ. ಆಟಗಳ ಪಟ್ಟಿಗೆ ಹೋಗುವ ದಾರಿಯೂ ಅಂಧರಿಗೆ ಮುಚ್ಚಿತ್ತು. ಬ್ರೂಸ್ ಮ್ಯಾಗೈರ್ ಎಂಬ ಅಂಧರು 1999ರ ಜೂನ್‌ನಲ್ಲಿ ಆ ದೇಶದ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಟ್ಟರು. 1992ರ ಅಂಗವಿಕಲರ ತಾರತಮ್ಯ ವಿರೋಧಿ ಕಾಯ್ದೆ ಅವರ ಕೈಯಲ್ಲಿತ್ತು.

ಸಂಘಟನಾ ಸಮಿತಿ ಏನಂದಿತು? ಖರ್ಚಾಗ್ತದೆ ಅಂದಿತು. ಒಬ್ಬ ಮನುಷ್ಯ ದಿನಕ್ಕೆ ಎಂಟು ಗಂಟೆಯಂತೆ 368 ದಿನ ದುಡಿಯಬೇಕು, 22 ಲಕ್ಷ ಡಾಲರ್ ಬೇಕು ಅಂದಿತು. ಆಯೋಗ ಈ ಲೆಕ್ಕವನ್ನು ಒಪ್ಪಲಿಲ್ಲ. ತಾಣವನ್ನು ಸೆಪ್ಟೆಂಬರ್ 15ರ ಉದ್ಘಾಟನೆಯೊಳಗೆ ಸರಿಪಡಿಸಿ ಎಂದು 2000ದ ಆಗಸ್ಟ್‌ನಲ್ಲಿ ಆಜ್ಞೆ ಮಾಡಿತು. ಸಮಿತಿ ಪೂರ್ತಿ ಸರಿಪಡಿಸಲಿಲ್ಲ. ಆಟ ಮುಗಿಯಿತು, ಪದಕ ಹಂಚಿಯಾಯಿತು. ನವೆಂಬರ್‌ನಲ್ಲಿ 20,000 ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪಾಯಿತು. ಬಾಗಿಲಿಡದೆ ಮನೆ ಕಟ್ಟಿ, ಆಮೇಲೆ ಗೋಡೆ ಒಡೆಯೋದು ದುಬಾರಿ ಅಂದ ಹಾಗಾಯಿತು ಇದು. ಮೊದಲೇ ಬಾಗಿಲಿಡಬೇಡಿ ಅಂದವರು ಯಾರು?

ಅಸ್ಪೃಶ್ಯತೆಯೂ ಅಂಗವಿಕಲತೆಯೂ ಒಂದೇ ಎಂದು ನಾವು ಹೇಳುತ್ತಿಲ್ಲ. ಆದರೆ ಬಾಗಿಲು ಹಾಕುವವರ ನೆಪಗಳು ಒಂದೇ. ಸಾರ್ವಜನಿಕ ಕೆರೆಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದು ಮುಂಬಯಿ ಶಾಸನಸಭೆ ನಿರ್ಣಯ ಮಾಡಿದ್ದು 1923ರಲ್ಲಿ. ಮಹಾಡಿನ ಪುರಸಭೆ ಅದನ್ನು ಒಪ್ಪಿದ್ದು 1924ರಲ್ಲಿ. ಕೆರೆ ಕಾಗದದ ಮೇಲೆ ತೆರೆಯಿತು. ನೀರು ಮುಟ್ಟಲು 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದುಹೋಗಬೇಕಾಯಿತು.

ನಮ್ಮ ದೇಶದ ಜಾಲತಾಣಗಳದ್ದೂ ಕಾಗದದ ಕತೆಯೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇವನ್ನೂ ಒಳಗೊಂಡಿದೆ. ಆದರೆ ಅದರಡಿ ಬಂದ 2017ರ ನಿಯಮ ಬರೀ ಸಲಹೆಯಂತಿದೆ, ಇದು ಕಾಯ್ದೆಗೇ ವಿರುದ್ಧ ಎಂದು ಸುಪ್ರೀಂ ಕೋರ್ಟು 2024ರ ನವೆಂಬರ್ 8ರಂದು ಹೇಳಬೇಕಾಯಿತು. ಬ್ಯಾಂಕು, ಫೋನುಗಳಿಗಾಗಿ ಗುರುತು ಸಾಬೀತು ಮಾಡಲು ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಿ ಅಂತಾರಲ್ಲ, ಆಸಿಡ್ ದಾಳಿಯಲ್ಲಿ ಕಣ್ಣು ಸುಟ್ಟುಹೋದ ಹೆಣ್ಣುಮಗಳು ಏನು ಮಿಟುಕಿಸಬೇಕು? ಅಂಥವರೂ ಅಂಧರೂ ಕೋರ್ಟಿಗೆ ಹೋದರು. 2025ರ ಏಪ್ರಿಲ್ 30ರಂದು, ಡಿಜಿಟಲ್ ಸೇವೆ ಎಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂಬ ತೀರ್ಪು ಬಂತು. 'ಹರಿಜನ' ಎಂದು ಕರೆದು ಕೇರಿಯನ್ನು ಇದ್ದಲ್ಲೇ ಬಿಟ್ಟವರು, ಈಗ 'ದಿವ್ಯಾಂಗ' ಎಂದು ಕರೆದು ಬಾಗಿಲನ್ನು ಮುಚ್ಚಿಯೇ ಇಟ್ಟಿದ್ದಾರೆ. ಬೇಕಾದದ್ದು ಹೆಸರಲ್ಲ, ಹಕ್ಕು.

ಹೊರಗುಳಿದವರು ಬರೀ ಕಾಯುತ್ತಾ ಕೂತಿಲ್ಲ. ಪರದೆ ಓದುವ ತಂತ್ರಾಂಶದ ಬೆಲೆ ಬಡವರಿಗೆ ಎಟುಕದಿದ್ದಾಗ, ಅದೇ ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ ಎಂಬ ಅಂಧ ಯುವಕ 2006ರಲ್ಲಿ ಎನ್‌ವಿಡಿಎ ಎಂಬುದನ್ನು ಬರೆಯತೊಡಗಿದ. ಅಂಧ ಗೆಳೆಯ ಜೇಮ್ಸ್ ಟೆಹ್ ಜೊತೆಯಾದ. ಅದು ಪುಕ್ಕಟೆ. ನಮ್ಮ ಕನ್ನಡವನ್ನೂ ಓದುತ್ತದೆ. ಆದರೆ ಓದಲು ನಾವು ಅಕ್ಷರ ಇಟ್ಟಿರಬೇಕಲ್ಲ! ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ಬೇರೆ ಸಂಕೇತ. ಯಂತ್ರ ಅದನ್ನು ಅರ್ಥವಿಲ್ಲದ ಗದ್ದಲವಾಗಿ ಓದುತ್ತದೆ. ಫೋಟೋ ಹೊಡೆದು ಏರಿಸಿದ ಆದೇಶ ಅದಕ್ಕೆ ಬರೀ ಚಿತ್ರ.

ಸರ್ಕಾರವನ್ನು ಬೈದು ಕೈ ತೊಳೆದುಕೊಂಡರೆ ಸಾಲದು ಗೆಳೆಯರೇ. ನಾವೇನು ಮಾಡ್ತಿದ್ದೀವಿ? ಸಭೆಯ ಕರಪತ್ರವನ್ನು, ಬಂಡಾಯದ ಕವಿತೆಯನ್ನು ಚಿತ್ರ ಮಾಡಿ ಫೋನಿನಿಂದ ಫೋನಿಗೆ ಕಳಿಸ್ತೀವಿ. ಎಲ್ಲರೂ ಬನ್ನಿ ಎಂದು ಅದರಲ್ಲಿ ದಪ್ಪಕ್ಷರದಲ್ಲಿ ಬರೆದಿರುತ್ತೀವಿ. ಅಂಧ ಸಂಗಾತಿಗೆ ಆ ಕರೆ ತಲುಪುವುದೇ ಇಲ್ಲ. ಚಿತ್ರದ ಕೆಳಗೆ ಅದೇ ಮಾತನ್ನು ಯೂನಿಕೋಡ್ ಅಕ್ಷರದಲ್ಲಿ ಬರೆಯಲು ಐದು ನಿಮಿಷ ಸಾಕು. ಮೇಷ್ಟ್ರುಗಳು ಮಕ್ಕಳ ಪಾಠವನ್ನೂ ಹಾಗೆಯೇ ಬರೆದು ಕಳಿಸಲಿ. ಖರ್ಚಾಗ್ತದೆ ಅಂತ ನಾವೂ ಅನ್ನದಿರೋಣ. ಮೆಟ್ಟಿಲಲ್ಲಿ ನಿಂತವರು ನಾವೇ ಆದಾಗ, ದಡದಲ್ಲಿ ಯಾರಿದ್ದಾರೆ ಎಂದು ತಿರುಗಿ ನೋಡಬೇಕು.